ಕುಡಿತ ಬಿಟ್ಟರೆ ಹೊಡೆತವೂ ನಿಲ್ಲುತ್ತಾ?

ಹೆಸರು, ಊರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಸರೋಜ ಎಂದು ಕರೆಯೋಣ. ಮೂವತ್ತರ ಆಸುಪಾಸು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ, ಎರಡನೇ ಕ್ಲಾಸಿನ ಮಗ ಇದ್ದಾನೆ. ಸಲಹೆಗಾರ್ತಿಯಾದ ನನ್ನ ಬಳಿ ಬಂದು ಅವಳು ಕೇಳಿದ್ದು ಒಂದೇ: "ಮೇಡಂ, ನಮ್ಮನೆಯವರಿಗೆ ಕುಡಿತ ಬಿಡಿಸಿಕೊಡಿ ಸಾಕು. ಕುಡೀದಿದ್ರೆ ದೇವರಂಥ ಮನುಷ್ಯ."

ಈ ಮಾತು ತುಂಬ ಹೆಂಗಸರ ಬಾಯಲ್ಲಿ ಕೇಳುತ್ತೇನೆ. ಕುಡಿದಾಗ ಆಟೋ ಮಾಲೀಕನಿಗೆ ಹೊಡೆದಿದ್ದಾನಾ ಎಂದು ಕೇಳಿದೆ. ಇಲ್ಲ. ಪಕ್ಕದ ಮನೆಯವರಿಗೆ? ಇಲ್ಲ. ಹೊಡೆಯೋದು ಬಾಗಿಲು ಹಾಕಿದ ಮೇಲೆ, ಅದೂ ಬಟ್ಟೆ ಮುಚ್ಚುವ ಜಾಗಕ್ಕೆ. ಅಂದರೆ ಅಮಲಿನಲ್ಲೂ ಯಾರಿಗೆ, ಎಲ್ಲಿ ಹೊಡೆಯಬೇಕು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿದೆ. ಕುಡಿತ ಹೊಡೆತವನ್ನು ಜೋರು ಮಾಡುತ್ತದೆ, ನಿಜ. ಆದರೆ ಹೆಂಡತಿ ತನ್ನ ಮಾತು ಮೀರಬಾರದು, ಮೀರಿದರೆ ಹೊಡೆಯೋ ಹಕ್ಕು ತನಗಿದೆ ಅನ್ನೋ ನಂಬಿಕೆ ಅವನು ಕುಡಿಯದ ದಿನವೂ ಆ ಮನೆಯಲ್ಲಿ ಇತ್ತು. ಬಟವಾಡೆಯಾದ ತಕ್ಷಣ ದುಡ್ಡು ತೆಗೆಯೋದು ಅವನು, ಎಟಿಎಂ ಕಾರ್ಡ್ ಅವನ ಜೇಬಿನಲ್ಲಿ, ಇವಳಿಗೆ ಬಸ್ ಚಾರ್ಜ್ ಎಣಿಸಿ ಕೊಡುತ್ತಾನೆ, ಓಟಿ ಮುಗಿಸಿ ತಡವಾಗಿ ಬಂದರೆ ಮೊಬೈಲ್ ತಪಾಸಣೆ. ಇದನ್ನು ಅವಳು ಹಿಂಸೆ ಎಂದುಕೊಂಡೇ ಇರಲಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೊಡೆತದ ಜೊತೆಗೆ ಲೈಂಗಿಕ ಹಿಂಸೆ, ಬೈಗುಳ, ಅವಮಾನ, ದುಡ್ಡು ಕಿತ್ತುಕೊಳ್ಳೋದನ್ನೂ ಹಿಂಸೆ ಎಂದೇ ಹೇಳುತ್ತದೆ.

ಮಾತಿನ ಮಧ್ಯೆ ಅವಳು ಸುಮ್ನೆ ಹೇಳಿಬಿಟ್ಟಳು: "ಒಂದ್ಸಲ ಕುತ್ತಿಗೆ ಅದುಮಿದ್ರು, ಕಣ್ಣು ಕತ್ತಲೆ ಬಂತು, ಆಮೇಲೆ ಬಿಟ್ರು." ನಾನು ಬರೆಯೋದು ನಿಲ್ಲಿಸಿ ಮತ್ತೆ ಕೇಳಿದೆ. ಕುತ್ತಿಗೆ ಅದುಮಿದ ಗಂಡನ ಕೈಯಲ್ಲಿ ಮುಂದೆ ಹೆಂಡತಿಯ ಜೀವ ಹೋಗುವ ಅಪಾಯ ತುಂಬ ಜಾಸ್ತಿ. ಹೊರಗೆ ಗಾಯ ಕಾಣದೆಯೂ ಒಳಗೆ ಪೆಟ್ಟಾಗಿರಬಹುದು. ದನಿ ಬದಲಾದರೆ, ನುಂಗೋಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅವಳ ಅಣ್ಣ ಫೋನ್ ಮಾಡಿ "ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಮೇಡಂ" ಎಂದರು. ನಾನು ಒಪ್ಪಲಿಲ್ಲ. ತವರಿನಲ್ಲಿ ಆಗಲೇ ಪಂಚಾಯಿತಿಗಳಾಗಿದ್ದವು, ಪ್ರತಿ ಸಲ ಹೊಂದಿಕೊಂಡು ಹೋಗು ಎಂದು ಕಳಿಸಿದ್ದರು. ಗಂಡ ಪಕ್ಕದಲ್ಲಿ ಕೂತಿರುವಾಗ ಅವಳು ಬಾಯಿ ಬಿಟ್ಟು ಏನು ಹೇಳಿಯಾಳು? ಹೇಳಿದರೂ ರಾತ್ರಿ ಮನೆಯಲ್ಲಿ ಅದಕ್ಕೆ ಪೆಟ್ಟು ತಿನ್ನೋದು ಅವಳೇ ಅಲ್ವಾ? ಜೀವಭಯ ಇರುವ ಕಡೆ ರಾಜಿ ಮಾಡಿಸೋದು ಅಪಾಯ.

ಮಗನ ವಿಷಯ ಬೇರೆಯೇ ನೋವು. ಊಟ ತಡವಾಯಿತೆಂದು ಆ ಪುಟ್ಟ ಹುಡುಗ ಅಪ್ಪನ ಹಾಗೆಯೇ ಕೈ ಎತ್ತಿದ್ದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದಿದ್ದಾರೆ. ಅಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ಇದನ್ನು ನೋಡುತ್ತಾ ಬೆಳೆಯುತ್ತಿವೆ, ಯೋಚಿಸಿ.

ಸರೋಜಳಿಗೆ ಹೇಳಿದ್ದು ಇಷ್ಟು. ಆಧಾರ್, ಪಾಸ್‌ಬುಕ್, ಮಗನ ಜನನ ಪ್ರಮಾಣಪತ್ರ ನಂಬಿಕೆಯವರ ಮನೆಯಲ್ಲಿ ಇಡು. ಜಗಳ ಏರುವಾಗ ಅಡುಗೆಮನೆ ಕಡೆ ಹೋಗಬೇಡ, ಬಾಗಿಲ ಹತ್ತಿರ ಇರು, 112ಕ್ಕೆ ಕರೆ ಮಾಡು. ಆಸ್ಪತ್ರೆಯಲ್ಲಿ "ಬಿದ್ದೆ" ಅನ್ನಬೇಡ, ಯಾರು ಹೊಡೆದರು ಅಂತ ಬರೆಸು. ಸಂಬಳದ ಖಾತೆ ಬದಲಿಸೋದು ಸುರಕ್ಷಿತ ಜಾಗ ಸೇರಿದ ಮೇಲೆ, ಯಾಕೆಂದರೆ ಹಿಡಿತ ತಪ್ಪುತ್ತಿದೆ ಎಂದು ಗೊತ್ತಾದಾಗಲೇ ಇಂಥ ಗಂಡಸರು ಹೆಚ್ಚು ಅಪಾಯಕಾರಿ. ಹೊರಡೋ ವಿಷಯ ಮೊದಲೇ ಬಾಯಿಬಿಡಬೇಡ.

"ಮನೆ ಅವರ ಹೆಸರಲ್ಲಿದೆ, ನನಗೇನು ಹಕ್ಕು?" ಎಂದಳು. ಯಾರ ಹೆಸರಲ್ಲಿದ್ದರೂ ಗಂಡನ ಜೊತೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಕೌಟುಂಬಿಕ ಹಿಂಸೆ ಕಾಯ್ದೆ ಕೊಟ್ಟಿದೆ. ಸಂರಕ್ಷಣಾಧಿಕಾರಿ, ಅಂದರೆ ನಮ್ಮಲ್ಲಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ವರದಿ ಬರೆದು ಮ್ಯಾಜಿಸ್ಟ್ರೇಟ್‌ಗೆ ಕಳಿಸುತ್ತಾರೆ. ಹತ್ತಿರ ಬರಬಾರದು, ಹೊಡೆಯಬಾರದು ಎಂದು ಕೋರ್ಟು ಆದೇಶ ಕೊಡಬಹುದು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಿಗುತ್ತಾರೆ. ಅರ್ಜಿ ಹಾಕಿದ ಮಾತ್ರಕ್ಕೆ ವಿಚ್ಛೇದನ ಆಗೋದಿಲ್ಲ ಎಂದು ಕೇಳಿದಾಗ ಅವಳಿಗೆ ಸ್ವಲ್ಪ ಧೈರ್ಯ ಬಂತು.

ಆ ದಿನವೇ ಅವಳು ಅರ್ಜಿ ಹಾಕಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆಸ್ಪತ್ರೆಗೆ ಹೋಗಿ ಬಂದಳು, ದಾಖಲೆ ಅಕ್ಕನ ಮನೆಗೆ ಸಾಗಿಸಿದಳು. ಮತ್ತೊಂದು ಹೊಡೆತದ ನಂತರ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಮಗನ ಜೊತೆ ಹೊರಬಂದಳು. ಈಗ ರಕ್ಷಣೆಯ ಮಧ್ಯಂತರ ಆದೇಶ ಸಿಕ್ಕಿದೆ, ಜೀವನಾಂಶದ ವಿಚಾರಣೆ ನಡೆಯುತ್ತಿದೆ. ಗಂಡನಿಗೆ ಬೇರೆ ದಿನ, ಬೇರೆ ಸಲಹೆಗಾರರು. ಹುಡುಗನ ಜೊತೆಯೂ ಮಾತುಕತೆ ಶುರು ಮಾಡಿದ್ದೇವೆ.