ಎರಡು ಕಾರ್ನ್ ಸ್ನೇಕ್ ಇವೆ, ಮನೆಯಲ್ಲೇ ಮರಿ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದಲ್ಲಿದ್ದೀರಿ. ಮಗಳ ಹತ್ತಿರ ಎರಡು ಕಾರ್ನ್ ಸ್ನೇಕ್ ಇವೆ, ಅಂದರೆ ಅಮೆರಿಕದಲ್ಲಿ ಮನೆಯಲ್ಲಿ ಸಾಕುವ ವಿಷವಿಲ್ಲದ ಹಾವು. ಗಂಡು ಕೆಂಪು ಕಣ್ಣಿನ ಆಲ್ಬಿನೋ, ಹೆಣ್ಣು ಮಾಮೂಲಿ ಬಣ್ಣದ್ದು. ಹೆಣ್ಣಿಗೆ ಎರಡು ವರ್ಷ, ತೂಕ 220 ಗ್ರಾಂ. ಎರಡೂ ಒಂದೇ ಟ್ಯಾಂಕಿನಲ್ಲಿವೆ. ಬೇಸಿಗೆ ರಜೆಯಲ್ಲಿ ಮರಿ ಮಾಡಿಸೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಕೋಳಿ ಮೊಟ್ಟೆಯ ಇನ್‌ಕ್ಯುಬೇಟರ್ ಇದೆ, ಅದು ಸಾಕಾ, ಮರಿಗಳು ಯಾವ ಬಣ್ಣದವಾಗುತ್ತವೆ ಅಂತ ಕೇಳಿದ್ದೀರಿ.

ಈ ವರ್ಷ ಬೇಡ. ಇವತ್ತೇ ಇನ್ನೊಂದು ಟ್ಯಾಂಕ್ ತಂದು ಎರಡನ್ನೂ ಬೇರೆ ಮಾಡಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಾನು ಇರುವುದು ಓಹಾಯೋದಲ್ಲಿ, ಊರು ಸಾಗರದ ಕಡೆ. ಚಿಕ್ಕಂದಿನಲ್ಲಿ ಅಡಿಕೆ ತೋಟದಲ್ಲಿ ಕೇರೆ ಹಾವು ನೋಡಿ ಬೆಳೆದವನು. ಇಲ್ಲಿ ಕಾರ್ನ್ ಸ್ನೇಕ್ ಸಾಕಲು ಶುರುಮಾಡಿ ಒಂಬತ್ತು ವರ್ಷ ಆಯಿತು. ಮೂರು ಸಲ ಮರಿ ಮಾಡಿಸಿದ್ದೇನೆ. ಒಂದು ಸಲ ಕೆಟ್ಟದಾಗಿ ಎಡವಿದ್ದೇನೆ, ಅದನ್ನೂ ಹೇಳುತ್ತೇನೆ.

ಮೊದಲು ತೂಕದ ಮಾತು. ಇಲ್ಲಿ ಹಾವು ಸಾಕುವವರ ನಡುವೆ 'ಮೂರರ ಲೆಕ್ಕ' ಅಂತ ಒಂದಿದೆ. ಹೆಣ್ಣಿಗೆ ಮೂರು ವರ್ಷ ತುಂಬಿರಬೇಕು, ಮೂರು ಅಡಿ ಉದ್ದ ಇರಬೇಕು, 300 ಗ್ರಾಂ ತೂಗಬೇಕು. ಅದು ಕನಿಷ್ಠ. ನಾನು 350 ದಾಟುವ ತನಕ ಕಾಯುತ್ತೇನೆ. ಒಂದು ಹೆಣ್ಣು ಒಂದು ಸಲಕ್ಕೆ ಹತ್ತರಿಂದ ಇಪ್ಪತ್ತು ಮೊಟ್ಟೆ ಇಡುತ್ತದೆ, ಕೆಲವೊಮ್ಮೆ ಜಾಸ್ತಿ. ಆ ಎಲ್ಲದರ ಸುಣ್ಣ, ಕೊಬ್ಬು ಅವಳ ಮೈಯಿಂದಲೇ ಹೋಗಬೇಕು. ಮೈ ಬೆಳೆಯದ ಹೆಣ್ಣಿನಲ್ಲಿ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯ ಇದೆ. ಆಗ ಹಾವು ನೋಡುವ ವೆಟ್ ಹುಡುಕಿಕೊಂಡು ಓಡಬೇಕು. ಸೂಜಿಯಲ್ಲಿ ಮೊಟ್ಟೆಯ ಒಳಗಿನದನ್ನು ಎಳೆದು ತೆಗೆಯಬೇಕಾಗಬಹುದು, ಇಲ್ಲವೇ ಆಪರೇಷನ್. ನನಗೆ ಗೊತ್ತಿರುವ ಒಬ್ಬರ ಹೆಣ್ಣು ಹಾಗೇ ಸತ್ತಿತು. ಅದಕ್ಕೂ ಎರಡೇ ವರ್ಷ.

ಹಾವುಗಳು ಜೊತೆಗಿದ್ದರೆ ಅವಕ್ಕೆ ಖುಷಿ ಅಂತ ನಮಗೆ ಅನಿಸುತ್ತದೆ ಅಷ್ಟೆ. ಕಾರ್ನ್ ಸ್ನೇಕ್ ಒಂಟಿ ಜೀವ. ಒಂದೇ ಟ್ಯಾಂಕಿನಲ್ಲಿಟ್ಟರೆ ಗಂಡು ನಿಮ್ಮ ಕ್ಯಾಲೆಂಡರ್ ನೋಡಿ ಕಾಯುವುದಿಲ್ಲ. ಇನ್ನೊಂದು ವಿಷಯ: ಹೆಣ್ಣು ವೀರ್ಯವನ್ನು ಮೈಯೊಳಗೇ ತಿಂಗಳುಗಟ್ಟಲೆ ಇಟ್ಟುಕೊಳ್ಳಬಲ್ಲದು. ಹಾಗಾಗಿ ಬೇರೆ ಮಾಡಿದ ಮೇಲೂ ಸ್ವಲ್ಪ ದಿನ ಹೆಣ್ಣಿನ ಮೇಲೆ ಕಣ್ಣಿರಲಿ.

ಈಗ ಮುಂದಿನ ವರ್ಷದ ಮಾತು. ಹೆಣ್ಣು ತೂಕಕ್ಕೆ ಬಂತು ಅಂದುಕೊಳ್ಳಿ. ಚಳಿಗಾಲದಲ್ಲಿ ಎರಡು ತಿಂಗಳು ತಣ್ಣಗಿಡುವ ಪದ್ಧತಿ ಇದೆ, 10ರಿಂದ 13 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಮುಂಚೆ ಎರಡು ವಾರ ಆಹಾರ ನಿಲ್ಲಿಸಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಇಲಿ ಅರಗದೆ ಕೊಳೆಯುತ್ತದೆ. ತಣ್ಣಗಿಡದೆಯೂ ಕೂಡುತ್ತವೆ, ಆದರೆ ಇಟ್ಟರೆ ಸುಲಭ. ವಸಂತದಲ್ಲಿ ಬಿಸಿಗೆ ತಂದು, ನಾಲ್ಕೈದು ಸಲ ಚೆನ್ನಾಗಿ ತಿನ್ನಿಸಿ, ಹೆಣ್ಣು ಒಂದು ಸಲ ಪೊರೆ ಬಿಟ್ಟ ಮೇಲೆ ಗಂಡನ್ನು ಸೇರಿಸಿ. ಈ ಭಾಗದಲ್ಲಿ ನಿಮ್ಮ ಕೆಲಸ ಏನೂ ಇಲ್ಲ. ಅದು ಅವರಿಬ್ಬರ ವ್ಯವಹಾರ.

ಕೂಡಿದ ಮೇಲೆ ತಿಂಗಳು, ಒಂದೂವರೆ ತಿಂಗಳಿಗೆ ಮೊಟ್ಟೆ. ಅದಕ್ಕೆ ಸುಮಾರು ಹತ್ತು ದಿನ ಮುಂಚೆ ಹೆಣ್ಣು ಇನ್ನೊಂದು ಸಲ ಪೊರೆ ಬಿಡುತ್ತದೆ. ಆ ದಿನವನ್ನು ಗೋಡೆಯ ಮೇಲೆ ಬರೆದಿಡಿ. ಒದ್ದೆ ಪಾಚಿ (ಮಾಸ್) ತುಂಬಿದ ಡಬ್ಬಿಗೆ ತೂತು ಮಾಡಿ ಒಳಗಿಟ್ಟರೆ ಅದರಲ್ಲೇ ಹೋಗಿ ಇಡುತ್ತದೆ. ಡಬ್ಬಿ ಇಡದಿದ್ದರೆ ನೀರಿನ ಬಟ್ಟಲಲ್ಲಿ ಇಟ್ಟುಬಿಡಬಹುದು, ಆಗ ಮೊಟ್ಟೆ ಹೋದಂತೆ.

ಈಗ ನಿಮ್ಮ ಕೋಳಿ ಇನ್‌ಕ್ಯುಬೇಟರ್. ಅದು 37.5 ಡಿಗ್ರಿಗೆ ಮಾಡಿದ ಯಂತ್ರ, ಮೊಟ್ಟೆಯನ್ನು ಹೊರಳಿಸುತ್ತಲೂ ಇರುತ್ತದೆ. ಹಾವಿನ ಮೊಟ್ಟೆಗೆ ಎರಡೂ ಕೇಡು. ಬೇಕಾಗಿರುವುದು 27ರಿಂದ 29 ಡಿಗ್ರಿ. ಇಲ್ಲಿನ ಲೆಕ್ಕದಲ್ಲಿ 82 ಫ್ಯಾರನ್‌ಹೀಟ್ ಅಂತ ಇಟ್ಟುಕೊಳ್ಳಿ. ಮತ್ತೆ ಹೊರಳಿಸಲೇಬಾರದು. ಇಟ್ಟ ಒಂದೆರಡು ದಿನದಲ್ಲೇ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಂಡು ಕೂರುತ್ತದೆ. ಮಗುಚಿದರೆ ಸಾಯಬಹುದು. ನಾನು ಪೆನ್ಸಿಲ್‌ನಲ್ಲಿ ಪ್ರತಿ ಮೊಟ್ಟೆಯ ತಲೆ ಮೇಲೆ ಒಂದು ಚುಕ್ಕೆ ಇಡುತ್ತೇನೆ, ಯಾವುದು ಮೇಲ್ಗಡೆ ಅಂತ ಗೊತ್ತಾಗಲಿ ಎಂದು. ಮೊಟ್ಟೆಗಳು ಒಂದಕ್ಕೊಂದು ಅಂಟಿ ಗೊಂಚಲಾಗಿರುತ್ತವೆ. ಬಿಡಿಸಲು ಹೋಗಬೇಡಿ. ವರ್ಮಿಕ್ಯುಲೈಟ್ ಅಂದರೆ ಗಿಡದ ಕುಂಡಕ್ಕೆ ಹಾಕುವ, ನೀರು ಹೀರುವ ಹಗುರ ಖನಿಜದ ಚೂರು; ಅದಕ್ಕೆ ನೀರು ಸೇರಿಸಿ, ಹಿಂಡಿದರೆ ಒಂದೆರಡು ಹನಿಗಿಂತ ಜಾಸ್ತಿ ಬೀಳದಷ್ಟು ಒದ್ದೆ ಮಾಡಿ, ಅದರಲ್ಲಿ ಗೊಂಚಲನ್ನು ಅರ್ಧ ಹುದುಗಿಸಿ, ಮುಚ್ಚಳ ಹಾಕಿ. ಚಿಪ್ಪು ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಅಲ್ಲ, ತೊಗಲಿನ ಹಾಗೆ. ಕುಗ್ಗಿದರೆ ನೀರು ಸಾಲದು ಅಂತ ಅರ್ಥ.

ನನ್ನ ತಪ್ಪು ಇಲ್ಲೇ ಆದದ್ದು. ಮೊದಲ ಸಲ ಥರ್ಮೋಕೋಲ್ ಪೆಟ್ಟಿಗೆಗೆ ಬಿಸಿ ಪಟ್ಟಿ, ಥರ್ಮೋಸ್ಟಾಟ್ ಎಲ್ಲ ಜೋಡಿಸಿದ್ದೆ. ಒಂದು ಶನಿವಾರ ಮುಚ್ಚಳ ತೆಗೆದು ನೋಡುವಾಗ ಥರ್ಮೋಸ್ಟಾಟಿನ ತಂತಿ ಜಾರಿ ಹೊರಗೆ ಬಂದಿದೆ. ನಾನು ಗಮನಿಸಲಿಲ್ಲ. ತಂತಿ ಹೊರಗಿನ ತಣ್ಣನೆ ಗಾಳಿಯನ್ನು ಅಳೆಯುತ್ತಾ 'ಇನ್ನೂ ಬಿಸಿ ಬೇಕು' ಅನ್ನುತ್ತಲೇ ಇತ್ತು. ಪಟ್ಟಿ ಕಾಯುತ್ತಲೇ ಇತ್ತು. ಭಾನುವಾರ ಸಂಜೆ ನೋಡಿದರೆ ಒಳಗೆ 36 ಡಿಗ್ರಿ. ಹನ್ನೆರಡು ಮೊಟ್ಟೆಯಲ್ಲಿ ಐದು ಸತ್ತವು. ಮೂರು ಮರಿ ಬೆನ್ನು ಸೊಟ್ಟಗಾಗಿ ಹುಟ್ಟಿದವು. ಒಂದಂತೂ ಮಡಚಿದ ಪೇಪರ್ ಕ್ಲಿಪ್ ಹಾಗಿತ್ತು. ಅದನ್ನು ವೆಟ್ ಹತ್ತಿರ ಒಯ್ದು ನೋವಿಲ್ಲದ ಸಾವು ಕೊಡಿಸಿದೆವು. ಆ ವರ್ಷ ನನ್ನ ಮಗ ನನ್ನ ಜೊತೆ ನಾಲ್ಕು ದಿನ ಮಾತಾಡಲಿಲ್ಲ. ಈಗ ತಂತಿಯನ್ನು ಟೇಪ್ ಹಾಕಿ ಬಿಗಿಯುತ್ತೇನೆ. ಬೇರೆ ಥರ್ಮಾಮೀಟರ್ ಒಂದು ಒಳಗಿರುತ್ತದೆ, ಬೆಳಗ್ಗೆ ಕಾಫಿಗಿಂತ ಮುಂಚೆ ಅದನ್ನು ನೋಡುತ್ತೇನೆ.

ಎಲ್ಲ ಸರಿಯಾದರೆ ಎರಡು ತಿಂಗಳ ಆಸುಪಾಸಿನಲ್ಲಿ ಮೊಟ್ಟೆಯ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳು ಕಾಣುತ್ತದೆ. ಮರಿಯ ಮೂತಿಯ ತುದಿಯಲ್ಲಿ ಅದಕ್ಕೆಂದೇ ಒಂದು ಪುಟಾಣಿ ಹಲ್ಲಿರುತ್ತದೆ, ಆಮೇಲೆ ಬಿದ್ದುಹೋಗುತ್ತದೆ. ಸೀಳಿನಿಂದ ತಲೆ ಹೊರಗಿಟ್ಟು ಒಂದೆರಡು ದಿನ ಹಾಗೇ ಕೂರುತ್ತದೆ. ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುವ ಸಮಯ ಅದು. ಪಾಪ ಕಷ್ಟಪಡುತ್ತಿದೆ ಅಂತ ಎಳೆಯಬೇಡಿ. ಸುಮ್ನೆ ನೋಡಿ. ಇಡೀ ಕೆಲಸದಲ್ಲಿ ನೋಡಲು ಇಷ್ಟು ಚೆಂದದ್ದು ಬೇರೆ ಇಲ್ಲ.

ಅಂದಹಾಗೆ ಲೆಕ್ಕ ಹಾಕಿ. ಜೂನ್‌ನಲ್ಲಿ ಮೊಟ್ಟೆ ಇಟ್ಟರೆ ಮರಿ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಮಗಳ ಶಾಲೆ ಶುರು. ಅಸಲಿ ಕೆಲಸ ಶುರುವಾಗುವುದೂ ಆಗಲೇ, ಮತ್ತು ಅದು ನಿಮ್ಮ ತಲೆಗೇ ಬರುತ್ತದೆ.

ಯಾಕೆಂದರೆ ಮೊಟ್ಟೆ ಇಡುವುದು ಹಾವಿನ ಕೆಲಸ, ಉಣ್ಣಿಸುವುದು ನಮ್ಮದು. ಹುಟ್ಟಿದ ಮರಿ ಒಂದಡಿಗಿಂತ ಸ್ವಲ್ಪ ಕಡಿಮೆ ಉದ್ದ, ತೂಕ 6-7 ಗ್ರಾಂ, ಒಂದು ಪೆನ್ಸಿಲ್‌ನಷ್ಟು. ಪ್ರತಿಯೊಂದಕ್ಕೂ ಬೇರೆ ಡಬ್ಬಿ ಬೇಕು. ಒಟ್ಟಿಗೆ ಇಟ್ಟರೆ ಒಂದನ್ನೊಂದು ನುಂಗುವುದೂ ಉಂಟು. ಡಬ್ಬಿಯ ಮುಚ್ಚಳ ಬಿಗಿ ಇರಲಿ, ತಲೆ ತೂರಿದ ಕಡೆ ಮೈಯೂ ತೂರುತ್ತದೆ. ನಮ್ಮದೊಂದು ತಪ್ಪಿಸಿಕೊಂಡು ಹನ್ನೊಂದು ದಿನ ಆದ ಮೇಲೆ ನನ್ನ ಹಿಮದ ಬೂಟಿನೊಳಗೆ ಸಿಕ್ಕಿತು. ಸಿಕ್ಕಿದ್ದು ನನ್ನ ಕಾಲಿಗೆ.

ಹುಟ್ಟಿದ ವಾರ, ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಆಮೇಲೆ ಊಟ. ಊಟ ಅಂದರೆ ಕೂದಲು ಬಾರದ, ಕಣ್ಣು ತೆರೆಯದ ಇಲಿಮರಿ. ಇಲ್ಲಿ ಪಿಂಕಿ ಅನ್ನುತ್ತಾರೆ, ಫ್ರೀಜ್ ಮಾಡಿ ಮಾರುತ್ತಾರೆ. ನಾವು ಮನೆಯಲ್ಲಿ ಮೊಟ್ಟೆಯನ್ನೂ ತಿನ್ನದ ಜನ. ಹೆಂಡತಿ ಇಟ್ಟ ಶರತ್ತು ಒಂದೇ: ಇಲಿ ಅಡುಗೆಮನೆಗೆ ಬರಬಾರದು. ಹಾಗಾಗಿ ಗ್ಯಾರೇಜಿನಲ್ಲಿ ಒಂದು ಸಣ್ಣ ಫ್ರೀಜರ್. ಬಿಸಿನೀರಿನಲ್ಲಿ ಕರಗಿಸಬೇಕು, ಮೈಕ್ರೋವೇವ್ ಬೇಡವೇ ಬೇಡ. ಯಾಕೆ ಅಂತ ಒಬ್ಬರು ಪ್ರಯೋಗ ಮಾಡಿ ನೋಡಿದ್ದಾರೆ, ವಿವರ ಬೇಡ. ಐದು ದಿನಕ್ಕೊಂದು ಪಿಂಕಿ. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಕಕ್ಕಿದರೆ ಹತ್ತು ದಿನ ಏನೂ ಕೊಡದೆ ಬಿಡಿ, ಆಮೇಲೆ ಇನ್ನೂ ಚಿಕ್ಕದು ಕೊಡಿ.

ಮುಕ್ಕಾಲು ಪಾಲು ಮರಿಗಳು ತಾವಾಗಿ ತಿನ್ನುತ್ತವೆ. ಉಳಿದವು ಹಟಮಾರಿಗಳು. ಕಾಡಿನಲ್ಲಿ ಕಾರ್ನ್ ಸ್ನೇಕ್ ಮರಿಗೆ ಇಲಿ ಮೊದಲ ಊಟ ಅಲ್ಲ. ಸಣ್ಣ ಹಲ್ಲಿ, ಮರಗಪ್ಪೆ ತಿಂದು ಬೆಳೆಯುತ್ತವೆ. ಇಲಿಯ ವಾಸನೆ ಕೆಲವಕ್ಕೆ ಊಟ ಅಂತಲೇ ಅನಿಸುವುದಿಲ್ಲ. ಮೊದಲು ಮೊಸರಿನ ಡಬ್ಬಿಯಂಥ ಚಿಕ್ಕ ಡಬ್ಬಿಯಲ್ಲಿ ಮರಿ ಮತ್ತು ಪಿಂಕಿ ಇಟ್ಟು, ಗಾಳಿಗೆ ತೂತು ಮಾಡಿ, ರಾತ್ರಿಯೆಲ್ಲ ಕತ್ತಲಲ್ಲಿ ಬಿಡಿ. ಆಗಲಿಲ್ಲವಾ, ಪಿಂಕಿಯನ್ನು ಬಿಸಿನೀರಿನಲ್ಲಿ ತೊಳೆದು ಇಲಿ ವಾಸನೆ ತೆಗೆದು ಕೊಡಿ. ಆಗಲೂ ಇಲ್ಲವಾ, ಪಿಂಕಿಯ ತಲೆಯನ್ನು ಸೂಜಿಯಲ್ಲಿ ಚುಚ್ಚಿ ಮೆದುಳು ಸ್ವಲ್ಪ ಹೊರಬರುವಂತೆ ಮಾಡಬೇಕು. ಓದುವಾಗಲೇ ಮುಖ ಕಿವುಚಿದಿರಿ ಅಲ್ವಾ? ಮಗಳು ಇದನ್ನು ಮಾಡುತ್ತಾಳಾ ಅಂತ ಕೇಳಿ ನೋಡಿ. ಕೊನೆಯದು, ಪಿಂಕಿಗೆ ಹಲ್ಲಿ ಉಜ್ಜಿ ಕೊಡುವುದು.

ಎರಡನೇ ಸಲದ ಹದಿನಾಲ್ಕು ಮರಿಗಳಲ್ಲಿ ಮೂರು ತಿನ್ನಲಿಲ್ಲ. ಆಗ ಅಮ್ಮ ಊರಿಂದ ಬಂದಿದ್ದಳು. ಮೊದಲ ವಾರ ಆ ಕೋಣೆಯ ಬಾಗಿಲಿಗೇ ಬರಲಿಲ್ಲ. ಎರಡನೇ ವಾರ ಬಾಗಿಲಲ್ಲಿ ನಿಂತು "ಇದೇನು ಕೇರೆ ಮರಿ ಹಾಗಿದೆ" ಅಂದಳು. ತಪ್ಪಿಲ್ಲ, ಇಂಗ್ಲಿಷಿನಲ್ಲೂ ಇದಕ್ಕೆ ಕೆಂಪು ಕೇರೆ ಎಂಬ ಅರ್ಥದ ಹೆಸರೊಂದಿದೆ. ಮೂರನೇ ವಾರದಿಂದ ಊಟದ ವರದಿ ಕೇಳತೊಡಗಿದಳು. ಒಂದೂ ತುತ್ತು ತಿನ್ನದ ಮರಿಗೆ ಏಕಾದಶಿ ಅಂತ ಹೆಸರಿಟ್ಟಳು. ಹಲ್ಲಿ ಬೇಕು ಅಂತ ನಾನು ಅಂಗಡಿ ಅಂಗಡಿ ಅಲೆಯುವಾಗ "ನಮ್ಮನೆ ಗೋಡೆ ಮೇಲೆ ಬೇಕಾದಷ್ಟಿವೆ, ಮೊದಲೇ ಹೇಳಿದ್ದರೆ..." ಅಂದಳು. ಕೊನೆಗೆ ಅಂಗಡಿಯಲ್ಲಿ ಒಂದು ಹಸಿರು ಅನೋಲ್ ಹಲ್ಲಿ ಸಿಕ್ಕಿತು. ಅದಕ್ಕೆ ಏನೂ ಮಾಡಲಿಲ್ಲ, ಪಿಂಕಿಯನ್ನು ಅದರ ಮೈಗೆ ಸವರಿದೆ ಅಷ್ಟೆ. 41ನೇ ದಿನ ಏಕಾದಶಿ ಪಾರಣೆ ಮಾಡಿತು. ಉಳಿದ ಎರಡರಲ್ಲಿ ಒಂದು ತಿಂದಿತು. ಇನ್ನೊಂದು ಕೊನೆಯವರೆಗೂ ಬಾಯಿ ತೆರೆಯಲಿಲ್ಲ, ಸತ್ತಿತು. ಎಲ್ಲ ಮಾಡಿದರೂ ಕೆಲವು ಹಾಗೆ ಹೋಗುತ್ತವೆ.

ಬಣ್ಣದ ಬಗ್ಗೆ ಕೇಳಿದ್ದೀರಿ. ನಿಮ್ಮ ಜೋಡಿಗೆ ಹುಟ್ಟುವ ಮರಿಗಳೆಲ್ಲ ಬಹುಶಃ ತಾಯಿಯ ಹಾಗೆ ಮಾಮೂಲಿ ಬಣ್ಣದವೇ. ಆಲ್ಬಿನೋ ಗುಣ ಕಾಣಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಇದನ್ನು ಕಾರ್ನ್ ಸ್ನೇಕ್‌ನಲ್ಲಿ ಜೋಡಿ ಕಟ್ಟಿ ತೋರಿಸಿದವರು ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮದ ಡಾಕ್ಟರು, 1960ರ ದಶಕದ ಶುರುವಿನಲ್ಲಿ. ಹೆಣ್ಣಿನ ಒಳಗೆ ಆ ಗುಣ ಅಡಗಿದ್ದರೆ ಅರ್ಧದಷ್ಟು ಮರಿ ಆಲ್ಬಿನೋ ಆಗಬಹುದು. ಎರಡನ್ನೂ ಒಬ್ಬರಿಂದಲೇ ತಂದಿದ್ದರೆ ಅಣ್ಣ ತಂಗಿ ಅಲ್ಲವೇ ಅಂತಲೂ ವಿಚಾರಿಸಿ.

ಲಾಭ? ಮಾಮೂಲಿ ಬಣ್ಣದ ಮರಿಗೆ ರೆಪ್ಟೈಲ್ ಎಕ್ಸ್‌ಪೋದಲ್ಲಿ (ಹಾವು, ಹಲ್ಲಿ ಮಾರುವ ಮೇಳ) ನನಗೆ ಸಿಕ್ಕಿದ್ದು ಮೂವತ್ತು, ನಲವತ್ತು ಡಾಲರ್. ಡಬ್ಬಿ, ಇಲಿ, ಕರೆಂಟು ಕಳೆದರೆ ಕೈಯಿಂದಲೇ ಹೋಗಿದೆ. ಮಾರಾಟವಾಗದ ಮರಿ ನಿಮ್ಮ ಮನೆಯಲ್ಲೇ ಹದಿನೈದು, ಇಪ್ಪತ್ತು ವರ್ಷ ಇರುತ್ತದೆ. ಮಗಳು ಕಾಲೇಜಿಗೆ ಹೋದರೂ ಇರುತ್ತದೆ. ಕಾಡಿಗೆ ಬಿಡುವ ಯೋಚನೆ ಬೇಡ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಇನ್ನೂ ಯೋಚಿಸಿ, ಹಾವಿನ ಮೈಯಿಂದ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಎಲ್ಲರಿಗೂ ಕಡ್ಡಾಯ. ನಿಮ್ಮ ರಾಜ್ಯದ ನಿಯಮವನ್ನೂ ನೋಡಿಕೊಳ್ಳಿ. ಹವಾಯಿಯಲ್ಲಿ ಹಾವು ಸಾಕುವುದೇ ಅಪರಾಧ.

ಊರಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ತೋಟದಲ್ಲಿ ಸಿಕ್ಕ ಕೇರೆಯನ್ನೋ ನಾಗರವನ್ನೋ ಹೀಗೆ ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಗೊಬ್ಬರದ ಗುಂಡಿಯಲ್ಲಿ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ಹೇಳಿ. ವಿದೇಶದ ಹಾವು ಅಂತ ಕದ್ದು ತರುವುದೂ ಬೇಡ. 2024ರಲ್ಲಿ ಬೆಂಗಳೂರು ಏರ್‌ಪೋರ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಒಬ್ಬರ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕಿದ್ದವು.

ನೀವು ಒಂದು ವಿಷಯ ಬರೆದಿಲ್ಲ: ಹೆಣ್ಣು ಕಳೆದ ಎರಡು ವಾರ ಇಲಿ ತಿಂದಿದೆಯಾ? ತಿಂದಿಲ್ಲ, ಮೈಯ ಕೆಳಭಾಗ ದಪ್ಪಗಾಗಿದೆ ಅಂದರೆ ನಾನು ಮೇಲೆ ಹೇಳಿದ್ದು ತಡವಾಗಿರಬಹುದು. ಹಾಗಿದ್ದರೆ ಪಾಚಿಯ ಡಬ್ಬಿಯನ್ನು ಇವತ್ತೇ ಇಡಿ, ವೆಟ್ ನಂಬರ್ ಹುಡುಕಿಟ್ಟುಕೊಳ್ಳಿ, ಮತ್ತೆ ಇಲ್ಲೇ ಬರೆಯಿರಿ.