ಮಾಸ್ಟರ್ ಆಫ್ ಒರಾಯನ್ 2ರಲ್ಲಿ ಸ್ವಂತ ಜನಾಂಗ ಕಟ್ಟುವಾಗ ಪಾಯಿಂಟುಗಳನ್ನು ಹೇಗೆ ಹಂಚಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಗದಗಿನಲ್ಲಿರುವ ನೀವು, ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಈ ಕಂಪ್ಯೂಟರ್ ಆಟವನ್ನು ಹೊಸದಾಗಿ ಆಡತೊಡಗಿದ್ದೀರಿ. ಆಟದಲ್ಲಿ ಸಿದ್ಧವಿರುವ 13 ಜನಾಂಗಗಳನ್ನು ಬಿಟ್ಟು ನಿಮ್ಮದೇ ಒಂದು ಜನಾಂಗವನ್ನು ರಚಿಸಿಕೊಂಡಿದ್ದೀರಿ. ರಿಪಲ್ಸಿವ್ (ಬೇರೆ ಜನಾಂಗಗಳ ಜೊತೆ ಒಪ್ಪಂದ ಸಾಧ್ಯವಿಲ್ಲ) ಮತ್ತು ಅನ್‌ಕ್ರಿಯೇಟಿವ್ (ಸಂಶೋಧನೆಯಲ್ಲಿ ಆಯ್ಕೆಯಿಲ್ಲ) ಎಂಬ ಎರಡು ಕೊರತೆಗಳನ್ನು ಒಪ್ಪಿಕೊಂಡು, ಅವುಗಳಿಂದ ಬಂದ 10 ಪಾಯಿಂಟುಗಳನ್ನು ಮೊದಲೇ ಇದ್ದ 10ಕ್ಕೆ ಕೂಡಿಸಿ, ಲಿಥೊವೋರ್ (ಜನರಿಗೆ ಆಹಾರ ಬೇಡ), ಸಂಶೋಧನೆ +2 ಮತ್ತು ನೌಕಾದಾಳಿ +50 ಎಂಬ ಮೂರು ಗುಣಗಳನ್ನು ಕೊಂಡಿದ್ದೀರಿ. ಇಷ್ಟೆಲ್ಲ ಬಲವಿದ್ದರೂ ಆಟ ಅರ್ಧಕ್ಕೆ ಬರುವಷ್ಟರಲ್ಲಿ ಕಂಪ್ಯೂಟರ್ ಎದುರಾಳಿಗಳು ನಿಮ್ಮನ್ನು ದಾಟಿ ಹೋಗುತ್ತಾರೆ. ಇದಕ್ಕೆ ಕಾರಣವೇನು ಎಂಬುದು ನಿಮ್ಮ ಪ್ರಶ್ನೆ.

ಕಾರಣ ನೀವು ಆಡುವ ರೀತಿಯಲ್ಲಿಲ್ಲ, ನೀವು ಆರಿಸಿದ ಗುಣಗಳು ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತಿವೆ. ಬಿಡಿಬಿಡಿಯಾಗಿ ನೋಡಿದರೆ ನೀವು ಕೊಂಡ ಮೂರೂ ಒಳ್ಳೆಯ ಗುಣಗಳೇ. ಆದರೆ ಈ ಆಟದಲ್ಲಿ ಯಾವ ಗುಣಕ್ಕೂ ಅದರಷ್ಟಕ್ಕೇ ಬೆಲೆಯಿಲ್ಲ. ಜೊತೆಯಲ್ಲಿರುವ ಉಳಿದ ಗುಣಗಳು ಯಾವುವು ಮತ್ತು ನೀವು ಯಾವ ದಾರಿಯಿಂದ ಗೆಲ್ಲಲು ಹೊರಟಿದ್ದೀರಿ ಎಂಬುದರ ಮೇಲೆ ಅದರ ಬೆಲೆ ನಿರ್ಧಾರವಾಗುತ್ತದೆ.

ಸಂಶೋಧನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಜನಾಂಗದ ಗಂಟು ಬಿದ್ದಿರುವುದು ಅಲ್ಲಿಯೇ. ಸಾಮಾನ್ಯ ಜನಾಂಗದ ಒಬ್ಬ ವಿಜ್ಞಾನಿ ಒಂದು ಟರ್ನಿಗೆ 3 ಸಂಶೋಧನಾ ಅಂಕಗಳನ್ನು ಕೊಡುತ್ತಾನೆ. +2 ಕೊಂಡ ನಿಮ್ಮ ವಿಜ್ಞಾನಿ 5 ಕೊಡುತ್ತಾನೆ. ಹೀಗಾಗಿ ಪ್ರತಿಯೊಂದು ಸಂಶೋಧನಾ ಹಂತವನ್ನೂ ನೀವು ಬೇರೆಯವರಿಗಿಂತ ಬೇಗ ಮುಗಿಸುತ್ತೀರಿ. ಆದರೆ ಹಂತ ಮುಗಿದ ಮೇಲೆ ಕೈಗೆ ಬರುವುದೇನು? ಅಡ್ವಾನ್ಸ್‌ಡ್ ಕನ್‌ಸ್ಟ್ರಕ್ಷನ್ ಎಂಬ ಹಂತವನ್ನೇ ತೆಗೆದುಕೊಳ್ಳಿ. ಅದಕ್ಕೆ ತಗಲುವುದು 150 ಅಂಕ. ಅದರೊಳಗಿರುವುದು ಆಟೊಮೇಟೆಡ್ ಫ್ಯಾಕ್ಟರಿ, ಮಿಸೈಲ್ ಬೇಸ್ ಮತ್ತು ಹೆವಿ ಆರ್ಮರ್. ಕ್ರಿಯೇಟಿವ್ ಜನಾಂಗಕ್ಕೆ ಮೂರೂ ಸಿಗುತ್ತವೆ. ಸಾಮಾನ್ಯ ಜನಾಂಗವು ಮೂರರಲ್ಲಿ ತನಗೆ ಬೇಕಾದ ಒಂದನ್ನು ಆರಿಸಿಕೊಳ್ಳುತ್ತದೆ. ಬುದ್ಧಿಯಿರುವ ಆಟಗಾರ ಕಣ್ಣು ಮುಚ್ಚಿಕೊಂಡು ಆಟೊಮೇಟೆಡ್ ಫ್ಯಾಕ್ಟರಿಯನ್ನೇ ಆರಿಸುತ್ತಾನೆ, ಏಕೆಂದರೆ ಅದು ಗ್ರಹವೊಂದಕ್ಕೆ 5 ಉತ್ಪಾದನಾ ಅಂಕಗಳನ್ನೂ ಅದರ ಮೇಲೆ ಪ್ರತಿ ಕಾರ್ಮಿಕನಿಗೆ ಇನ್ನೊಂದನ್ನೂ ಸೇರಿಸುತ್ತದೆ. ಅನ್‌ಕ್ರಿಯೇಟಿವ್ ಜನಾಂಗಕ್ಕೆ ಈ ಆಯ್ಕೆಯೇ ಇಲ್ಲ. ಮೂರರಲ್ಲಿ ಯಾವುದೋ ಒಂದು ತಾನಾಗಿ ಬಂದು ಬೀಳುತ್ತದೆ. ಹೆವಿ ಆರ್ಮರ್ ಬಂದಿತೆಂದರೆ ಫ್ಯಾಕ್ಟರಿಯನ್ನು ಸ್ವಂತ ಸಂಶೋಧನೆಯಿಂದ ಪಡೆಯುವ ದಾರಿ ಮುಚ್ಚಿಹೋಯಿತು. ಆಪ್ಟ್ರಾನಿಕ್ಸ್ ಹಂತದಲ್ಲಿ ರಿಸರ್ಚ್ ಲ್ಯಾಬೊರೇಟರಿಯ ಗತಿಯೂ ಇದೇ. ಅಂದರೆ ವೇಗವಾಗಿ ಓಡಲು 6 ಪಾಯಿಂಟು ಕೊಟ್ಟು, ಎಲ್ಲಿಗೆ ಓಡಬೇಕೆಂಬ ಹಕ್ಕನ್ನು 4 ಪಾಯಿಂಟಿಗೆ ಮಾರಿಕೊಂಡಂತಾಯಿತು.

ಕಳೆದುಕೊಂಡದ್ದನ್ನು ಹೊರಗಿನಿಂದ ತರಬಹುದಲ್ಲವೇ ಎಂದು ನೀವು ಕೇಳಬಹುದು. ತರಬಹುದು, ರಿಪಲ್ಸಿವ್ ಅಲ್ಲದಿದ್ದರೆ. ನಾವು ಕೆಲವರು ಗೆಳೆಯರು ಧಾರವಾಡದಲ್ಲಿ ಭಾನುವಾರ ಒಂದೇ ಕಂಪ್ಯೂಟರಿನ ಮುಂದೆ ಸರದಿಯ ಮೇಲೆ ಕುಳಿತು ಹಾಟ್‌ಸೀಟ್ ವಿಧಾನದಲ್ಲಿ ಈ ಆಟ ಆಡುತ್ತೇವೆ. ನಮ್ಮಲ್ಲೊಬ್ಬರು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ನಡೆಸುವವರು. ಅವರು 8 ಪಾಯಿಂಟಿನ ಕ್ರಿಯೇಟಿವ್ ಗುಣದ ಗೋಜಿಗೇ ಹೋಗುವುದಿಲ್ಲ. ಬೇರೆ ಜನಾಂಗಗಳನ್ನು ಸುಲಭವಾಗಿ ಒಲಿಸಿಕೊಳ್ಳುವ, 3 ಪಾಯಿಂಟಿನ ಕರಿಸ್ಮಾಟಿಕ್ ಗುಣವನ್ನು ಕೊಳ್ಳುತ್ತಾರೆ. ಪ್ರತಿ ಹಂತದಲ್ಲಿಯೂ ಬಹುಮುಖ್ಯವಾದ ಒಂದನ್ನು ತಾವು ಕಂಡುಹಿಡಿದು, ಉಳಿದವುಗಳನ್ನು ಕಂಪ್ಯೂಟರ್ ಎದುರಾಳಿಗಳ ಜೊತೆ ವಿನಿಮಯ ಮಾಡಿಕೊಂಡು ಒಟ್ಟುಗೂಡಿಸುತ್ತಾರೆ. ಎದುರಾಳಿ ಒಪ್ಪದಿದ್ದಾಗ ಇನ್ನೂ ಒಂದು ಸಣ್ಣ ತಂತ್ರಜ್ಞಾನವನ್ನು ಮೇಲೆ ಹಾಕಿ, “ಬರೇ ನಾವs ತಗೋತೀವಿ ಅಂತ ಕುಂತ್ರ ವ್ಯಾಪಾರ ಆಗಂಗಿಲ್ರೀ ಸರ” ಎನ್ನುವುದು ಅವರ ರೂಢಿ. ಅವರ ಪರದೆಯ ಮೇಲೆ ತಂತ್ರಜ್ಞಾನಗಳ ಪಟ್ಟಿ ಬೆಳೆಯುವುದನ್ನು ನೋಡಿದ ಮೇಲೆ ರಾಜತಾಂತ್ರಿಕತೆ ಈ ಆಟದಲ್ಲಿ ಅಲಂಕಾರಕ್ಕೆ ಇಟ್ಟದ್ದಲ್ಲ ಎಂಬುದು ನನಗೆ ಖಚಿತವಾಯಿತು. ರಿಪಲ್ಸಿವ್ ಜನಾಂಗಕ್ಕೆ ಈ ಬಾಗಿಲು ಮುಚ್ಚಿದೆ: ವ್ಯಾಪಾರ ಒಪ್ಪಂದ, ಸಂಶೋಧನಾ ಒಪ್ಪಂದ, ಮೈತ್ರಿ, ತಂತ್ರಜ್ಞಾನ ವಿನಿಮಯ ಯಾವುದೂ ಇಲ್ಲ. ಉಳಿಯುವುದು ಗೂಢಚಾರರನ್ನು ಕಳಿಸಿ ಕದಿಯುವುದು ಅಥವಾ ಗ್ರಹಗಳನ್ನು ಗೆದ್ದು ಕಸಿದುಕೊಳ್ಳುವುದು ಮಾತ್ರ. ಆದ್ದರಿಂದ ಅನ್‌ಕ್ರಿಯೇಟಿವ್ ಮತ್ತು ರಿಪಲ್ಸಿವ್ ಎರಡನ್ನೂ ಒಟ್ಟಿಗೆ ಹೊರುವುದು ಈ ಆಟದಲ್ಲಿ ಮಾಡಬಹುದಾದ ಅತ್ಯಂತ ದುಬಾರಿ ಆಯ್ಕೆ ಎಂಬುದು ನನ್ನ ದೃಢ ಅಭಿಪ್ರಾಯ.

ರಿಪಲ್ಸಿವ್ ಯಾವಾಗಲೂ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದೇ ಕೊರತೆಯನ್ನು ಕ್ರಿಯೇಟಿವ್ ಜೊತೆ ಇಟ್ಟು ನೋಡಿ. ಪ್ರತಿ ಹಂತದ ಎಲ್ಲವನ್ನೂ ತಾನೇ ಪಡೆಯುವ ಜನಾಂಗಕ್ಕೆ ಬೇರೆಯವರ ಬಳಿ ಕೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಡೆಮಾಕ್ರಸಿ ಎಂಬ ಆಡಳಿತಕ್ಕೆ 7, ಕ್ರಿಯೇಟಿವ್ 8, ದೊಡ್ಡ ತವರು ಗ್ರಹ 1, ಒಟ್ಟು 16. ರಿಪಲ್ಸಿವ್‌ನಿಂದ 6 ಹಿಂದಕ್ಕೆ ಬಂದರೆ ಲೆಕ್ಕ ಸರಿಯಾಗಿ 10ಕ್ಕೆ ನಿಲ್ಲುತ್ತದೆ. ಡೆಮಾಕ್ರಸಿ ಸಂಶೋಧನೆಯನ್ನೂ ಆದಾಯವನ್ನೂ ಶೇ 50ರಷ್ಟು ಹೆಚ್ಚಿಸುವುದರಿಂದ ಇದು ಬಲವಾದ ಜೋಡಿ. ಆದರೂ ಹೊಸಬರಿಗೆ ನಾನು ಇದನ್ನು ಹೇಳಲಾರೆ. ನೆರೆಯವರು ಯಾವ ಒಪ್ಪಂದಕ್ಕೂ ಸಿಗದಿರುವಾಗ ಗಡಿ ಕಾಯುವ ನೌಕಾಪಡೆ ಮೊದಲಿನಿಂದಲೂ ಬೇಕಾಗುತ್ತದೆ, ಮತ್ತು ಗೂಢಚಾರಿಕೆಯನ್ನು ಎದುರಿಸುವುದರಲ್ಲಿ ಡೆಮಾಕ್ರಸಿ ದುರ್ಬಲ. ಕಷ್ಟಪಟ್ಟು ಕಂಡುಹಿಡಿದದ್ದನ್ನು ಗೂಢಚಾರಿಕೆಯಲ್ಲಿ ಪಳಗಿದ ಡಾರ್ಲಾಕ್‌ನಂಥ ಜನಾಂಗ ಕದ್ದೊಯ್ಯುತ್ತದೆ.

ಇನ್ನು ಲಿಥೊವೋರ್. ಇದಕ್ಕೆ 10 ಪಾಯಿಂಟು. ನಿಮ್ಮ ಜನರಿಗೆ ಆಹಾರವೇ ಬೇಡವಾದ್ದರಿಂದ ರೈತರೆಂದು ಯಾರನ್ನೂ ಕೂರಿಸಬೇಕಿಲ್ಲ, ಆಹಾರ ಸಾಗಿಸುವ ಸರಕು ನೌಕೆಗಳ ಚಿಂತೆಯೂ ಇಲ್ಲ. ಬಂಜರು ಗ್ರಹಗಳಲ್ಲಿಯೂ ವಸಾಹತು ಹೂಡಿ ವೇಗವಾಗಿ ಹರಡುವವರಿಗೆ ಇದು ವರ. ಆದರೆ ಹರಡಿದ ವಸಾಹತುಗಳಲ್ಲಿ ಕಾರ್ಖಾನೆಗಳನ್ನು ಬೇಗ ಕಟ್ಟಿದರೆ ತಾನೇ ಬಿಡುಗಡೆಯಾದ ಆ ದುಡಿಯುವ ಕೈಗಳಿಗೆ ಬೆಲೆ? ನಿಮ್ಮ ಜನಾಂಗಕ್ಕೆ ಫ್ಯಾಕ್ಟರಿ ಸಿಗುತ್ತದೆಯೋ ಇಲ್ಲವೋ ಎಂಬುದೇ ಅದೃಷ್ಟಕ್ಕೆ ಬಿಟ್ಟ ಮಾತಾಗಿದೆ. ನೌಕಾದಾಳಿ +50ರ ಬಗ್ಗೆ ಹೆಚ್ಚು ಹೇಳಬೇಕಿಲ್ಲ; ಅದು ಕಿರಣಾಸ್ತ್ರಗಳ ಗುರಿಯನ್ನು ಮಾತ್ರ ಸುಧಾರಿಸುತ್ತದೆ, ಕ್ಷಿಪಣಿಗಳಿಂದ ಹೋರಾಡುವವರಿಗೆ ಅದರಿಂದ ಏನೂ ಇಲ್ಲ.

ಈ ಕೊನೆಯ ಸಂಗತಿಯನ್ನೇ ತಿರುಗಿಸಿ ನೋಡಿದರೆ ಕೊರತೆಗಳನ್ನು ಆರಿಸುವ ಕ್ರಮ ತಾನಾಗಿ ಹೊಳೆಯುತ್ತದೆ. ಆರಂಭದ ಯುದ್ಧಗಳನ್ನು ಕ್ಷಿಪಣಿಗಳಿಂದಲೇ ಮಾಡುವುದಾದರೆ ನೌಕಾದಾಳಿ −20 ಎಂಬ ಕೊರತೆಯಿಂದ ನಿಮಗೆ ಆಗುವ ನಷ್ಟ ಅಲ್ಪ, ಸಿಗುವುದು 2 ಪಾಯಿಂಟು. ಗ್ರಹಗಳಿಗೆ ಸೈನಿಕರನ್ನು ಇಳಿಸುವ ಯೋಚನೆ ಬಹುಕಾಲ ಇಲ್ಲದಿದ್ದರೆ ಭೂಯುದ್ಧ −10ರಿಂದ ಇನ್ನೆರಡು ಬರುತ್ತವೆ. ಜನಸಂಖ್ಯೆಯ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಕೊರತೆಗೆ 4 ಪಾಯಿಂಟು ಸಿಗುತ್ತದೆಂದು ಆಸೆಪಡಬೇಡಿ; ರೈತ, ಕಾರ್ಮಿಕ, ವಿಜ್ಞಾನಿ, ತೆರಿಗೆ ಎಲ್ಲವೂ ಬರುವುದು ಜನರಿಂದಲೇ. 5 ಪಾಯಿಂಟು ಕೊಡುವ ಲೋ-ಜಿ (ಕಡಿಮೆ ಗುರುತ್ವಕ್ಕೆ ಒಗ್ಗಿದ ಜನ) ಕೂಡ ಹಾಗೆಯೇ ಮೋಸಗೊಳಿಸುತ್ತದೆ: ಸಾಮಾನ್ಯ ಗುರುತ್ವದ ಗ್ರಹಗಳಲ್ಲಿಯೂ ನಿಮ್ಮ ಜನರ ದುಡಿಮೆಯಲ್ಲಿ ಕಾಲು ಭಾಗ ಕಡಿತವಾಗುತ್ತದೆ, ಮತ್ತು ಒಳ್ಳೆಯ ಗ್ರಹಗಳಲ್ಲಿ ಬಹಳಷ್ಟು ಅಂಥವೇ.

ಗೆಲ್ಲುವ ದಾರಿಯನ್ನು ಮೊದಲೇ ಯೋಚಿಸಬೇಕೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 1996ರ ಈ ಆಟದಲ್ಲಿ ಎಲ್ಲರನ್ನೂ ಯುದ್ಧದಲ್ಲಿ ಸೋಲಿಸಬಹುದು, ಆಗಾಗ ಎಲ್ಲರ ಮೇಲೂ ದಾಳಿ ಮಾಡುವ ಅಂಟಾರನ್ನರ ನೆಲೆಯಾದ ಅಂಟಾರಿಸ್‌ಗೆ ಹೋಗಿ ಅವರನ್ನು ಸದೆಬಡಿಯಬಹುದು, ಅಥವಾ ಜನಾಂಗಗಳೆಲ್ಲ ಸೇರಿ ಮತ ಹಾಕುವ ಗ್ಯಾಲಕ್ಟಿಕ್ ಕೌನ್ಸಿಲ್‌ನಲ್ಲಿ ಮೂರನೇ ಎರಡರಷ್ಟು ಮತ ಪಡೆದು ಗೆಲ್ಲಬಹುದು. ಕೌನ್ಸಿಲ್‌ನಲ್ಲಿ ಮತಗಳ ಸಂಖ್ಯೆ ಜನಸಂಖ್ಯೆಯನ್ನು ಅವಲಂಬಿಸಿದೆ. ಆದ್ದರಿಂದ ಮತದಿಂದ ಗೆಲ್ಲಬೇಕೆನ್ನುವವರಿಗೆ ಪ್ರತಿ ಗ್ರಹದಲ್ಲಿ ಹೆಚ್ಚು ಜನರನ್ನು ಹಿಡಿಸುವ ಸಬ್‌ಟೆರೇನಿಯನ್ ಗುಣ ಬೇಕು, ನೆರೆಯವರ ಸ್ನೇಹವೂ ಬೇಕು. ರಿಪಲ್ಸಿವ್ ಜನಾಂಗ ಆ ಕನಸನ್ನು ಬಿಡುವುದೇ ಲೇಸು. ಉತ್ಪಾದನೆಯ ಬಲದಿಂದ ಎಲ್ಲರನ್ನೂ ತುಳಿಯುವ ಯೋಚನೆಯಿದ್ದರೆ ಆಹಾರವನ್ನೂ ಕೈಗಾರಿಕೆಯನ್ನೂ ಶೇ 50ರಷ್ಟು ಹೆಚ್ಚಿಸುವ ಯೂನಿಫಿಕೇಶನ್ ಆಡಳಿತ ಸೂಕ್ತ. ಆದರೆ ಅದನ್ನು ಲಿಥೊವೋರ್ ಜೊತೆ ತೆಗೆದುಕೊಳ್ಳಬೇಡಿ. ಉಣ್ಣದ ಜನರಿಗೆ ಆಹಾರದ ಹೆಚ್ಚಳವೇಕೆ?

ನಿಮಗೆ ನಾನು ಸೂಚಿಸುವ ಜನಾಂಗ ಇದು. ಆಡಳಿತ ಡಿಕ್ಟೇಟರ್‌ಶಿಪ್ ಇರಲಿ, ಅದಕ್ಕೆ ಪಾಯಿಂಟು ತಗಲುವುದಿಲ್ಲ. ಕ್ರಿಯೇಟಿವ್‌ಗೆ 8, ಸಂಶೋಧನೆ +1ಕ್ಕೆ 3, ಖನಿಜ ಸಮೃದ್ಧ ತವರು ಗ್ರಹಕ್ಕೆ 2, ಅದು ದೊಡ್ಡದೂ ಆಗಿರಲು 1, ಒಟ್ಟು 14. ಮೇಲೆ ಹೇಳಿದ ನೌಕಾದಾಳಿ −20 ಮತ್ತು ಭೂಯುದ್ಧ −10ರಿಂದ 4 ಹಿಂದಕ್ಕೆ ಬರುತ್ತವೆ. ಇದು ಅತ್ಯಂತ ಬಲಶಾಲಿ ಜನಾಂಗವಲ್ಲ. ಹಾಟ್‌ಸೀಟ್‌ನಲ್ಲಿ ಪಳಗಿದವರು ಯೂನಿಫಿಕೇಶನ್ ಹಿಡಿದು ಬಂದರೆ ಮೊದಲ ಹಂತದಲ್ಲಿ ನಿಮ್ಮನ್ನು ಹಿಂದೆ ಹಾಕಬಹುದು. ಆದರೆ ಕಂಪ್ಯೂಟರ್ ಎದುರು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ನೆರೆಯವರ ಜೊತೆ ಒಪ್ಪಂದಗಳು ನಡೆಯುತ್ತವೆ, ಪ್ರತಿ ಹಂತದ ಎಲ್ಲ ತಂತ್ರಜ್ಞಾನಗಳೂ ಕೈಗೆ ಬರುವುದರಿಂದ ಯಾವುದು ಏನು ಮಾಡುತ್ತದೆಂಬುದನ್ನು ಸ್ವತಃ ಬಳಸಿ ತಿಳಿಯಬಹುದು. ಕ್ರಿಯೇಟಿವ್ ಇಲ್ಲದೆ ಆಡುವಾಗ ಮೂರರಲ್ಲಿ ಒಂದನ್ನು ಆರಿಸಲು ಬೇಕಾದ ವಿವೇಚನೆ ಆ ಬಳಕೆಯಿಂದಲೇ ಬರುತ್ತದೆ.

ಕೊನೆಯದಾಗಿ, ಸಂಶೋಧನೆಯಲ್ಲಿ ಬಹುದೂರ ಸಾಗಿದ ಮೇಲೆ ಇವಲ್ಯೂಶನರಿ ಮ್ಯುಟೇಶನ್ ಎಂಬುದು ಸಿಗುತ್ತದೆ. ಅದು ನಿಮ್ಮ ಜನಾಂಗಕ್ಕೆ ಇನ್ನೂ 4 ಪಾಯಿಂಟು ಕೊಡುತ್ತದೆ. ನಾನಾದರೆ ಅದರಲ್ಲಿ 3ನ್ನು ಕೈಗಾರಿಕೆ +1ಕ್ಕೆ ಹಾಕುತ್ತೇನೆ; ಅಷ್ಟು ಹೊತ್ತಿಗೆ ವಸಾಹತುಗಳು ತುಂಬಿರುತ್ತವೆ, ಪ್ರತಿ ಕಾರ್ಮಿಕನಿಂದ ಬರುವ ಆ ಒಂದು ಅಂಕ ದೊಡ್ಡ ನೌಕೆಗಳನ್ನು ಕಟ್ಟುವಾಗ ಎದ್ದು ಕಾಣುತ್ತದೆ. ನಿಮ್ಮ ಆಟದಲ್ಲಿ ಹತ್ತಿರದ ನೆರೆಯವರು ಯಾರು, ಗ್ಯಾಲಕ್ಸಿಯ ಗಾತ್ರವೇನು ಎಂಬುದನ್ನು ತಿಳಿಸಿದರೆ ಮೊದಲ ವಸಾಹತುಗಳನ್ನು ಎಲ್ಲಿ ಹೂಡಬೇಕೆಂಬುದನ್ನೂ ವಿವರವಾಗಿ ಬರೆಯುತ್ತೇನೆ.