ಕನಸು ಗಂಡನದು, ಪತ್ರ ಬಂದದ್ದು ಹೆಂಡತಿಗೆ

ಹೆಸರು, ವಯಸ್ಸು, ಊರು ಎಲ್ಲ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ. ಅವರನ್ನು ಸುಮಾ, ರಘು ಎಂದು ಕರೆಯೋಣ.

ಮೊದಲ ಸಲ ಸುಮಾ ಒಬ್ಬರೇ ನನ್ನ ಹತ್ತಿರ ಆಪ್ತಸಲಹೆಗೆ ಬಂದರು. ವಯಸ್ಸು 47. ಮಂಡ್ಯ ಕಡೆಯವರು. 22 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವರು. ಕೂತು ಎಷ್ಟೋ ಹೊತ್ತು ವ್ಯಾನಿಟಿ ಬ್ಯಾಗಿನ ಜಿಪ್ ಎಳೆಯುತ್ತಾ ಇದ್ದರು. ಆಮೇಲೆ, "ಮೇಡಂ, ಇವರು ನನ್ನ ಜೊತೆ ಬರೋದು ನನಗೆ ಇಷ್ಟಾನೇ. ಆದ್ರೆ ಭಯ ಆಗುತ್ತೆ. ಇದನ್ನ ಇವರ ಮುಂದೆ ಹೇಳೋಕೆ ಬಾಯಿ ಬರ್ತಿಲ್ಲ" ಎಂದರು.

ವಿಷಯ ಇಷ್ಟು. ಹೊರದೇಶಕ್ಕೆ ಹೋಗಿ ಒಂದು ವರ್ಷ ಸೇವೆ ಮಾಡಬೇಕು ಅನ್ನೋದು ರಘು ಅವರ ಹಳೆಯ ಆಸೆ. ಮದುವೆಯಾದ ಹೊಸದರಲ್ಲೇ ಹೇಳಿದ್ದರಂತೆ: ಮಕ್ಕಳು ಒಂದು ದಡ ಸೇರಲಿ, ಆಮೇಲೆ ನಾವಿಬ್ಬರೂ ಹೊರಡೋಣ ಅಂತ. ಔಷಧ ಸಗಟು ವ್ಯಾಪಾರದ ಕಂಪನಿಯಲ್ಲಿ ಗೋಡೌನು, ಲೆಕ್ಕ ನೋಡಿಕೊಳ್ಳುತ್ತಿದ್ದವರು 52ಕ್ಕೆ ಕೆಲಸ ಬಿಟ್ಟರು. ಮಗಳು ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದಳು. ರಾತ್ರಿಯೆಲ್ಲ ಕೂತು ಅರ್ಜಿ ಹಾಕಿದರು. ಒಂದಕ್ಕೂ ಉತ್ತರವಿಲ್ಲ. ಅವರ ಒತ್ತಾಯಕ್ಕೆ ಸುಮಾ ಒಂದೇ ಒಂದು ಫಾರಂ ತುಂಬಿದರು. ಪಶ್ಚಿಮ ಉಗಾಂಡದ ಒಂದು ಆಸ್ಪತ್ರೆಯಿಂದ ಪತ್ರ ಬಂತು: ಅಲ್ಲಿನ ಸೂಲಗಿತ್ತಿ ನರ್ಸುಗಳಿಗೆ ತರಬೇತಿ ಕೊಡಬೇಕು, ಒಂದು ವರ್ಷ, ಇರಲು ಒಂದು ಕೋಣೆ, ತಿಂಗಳಿಗೆ ಊಟದ ಖರ್ಚಿನಷ್ಟು ಭತ್ಯೆ. ರಘು ಬಗ್ಗೆ ಒಂದೇ ಸಾಲು. ಪತಿ ಜೊತೆಗೆ ಇರಬಹುದು.

"ನಾನೂ ಬರ್ತೀನಿ, ಅಲ್ಲಿ ಏನಾದ್ರೂ ಮಾಡ್ತೀನಿ" ಎಂದು ರಘು ಖುಷಿಯಿಂದಲೇ ಹೇಳಿದ್ದರು. ಸುಮಾ ಅವರನ್ನು ನಿದ್ದೆಗೆಡಿಸಿದ್ದು ಆ 'ಏನಾದ್ರೂ'.

ಎರಡನೇ ಸಲ ಇಬ್ಬರನ್ನೂ ಕೂರಿಸಿದೆ. ಇಂಥ ಜೋಡಿಗಳಿಗೆ ನಾನು ಕೊಡುವ ಕೆಲಸ ಒಂದಿದೆ. ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಅಲ್ಲಿಗೆ ಹೋದ ಮೂರನೇ ತಿಂಗಳಿನ ಯಾವುದಾದರೂ ಒಂದು ಬುಧವಾರ ಬರೆಯಿರಿ ಅಂತೇನೆ. ಎದ್ದಲ್ಲಿಂದ ಮಲಗುವವರೆಗೆ. ಬುಧವಾರವೇ ಯಾಕೆ ಅಂದರೆ ಅದು ಹಬ್ಬವಲ್ಲ, ರಜೆಯಲ್ಲ, ಸುಮ್ನೆ ಒಂದು ದಿನ.

ಸುಮಾ ಹಾಳೆಯ ಎರಡೂ ಮಗ್ಗುಲು ತುಂಬಿಸಿದರು. ರಘು ಬರೆದದ್ದು ಹೀಗಿತ್ತು: 'ಬೆಳಿಗ್ಗೆ 6, ಕಾಫಿ. 7.30, ಅವಳನ್ನು ಆಸ್ಪತ್ರೆಯವರೆಗೆ ಬಿಡುವುದು. 8, ವಾಪಸ್ ಕೋಣೆಗೆ.' ಅದರ ಕೆಳಗೆ 9 ಎಂದು ಬರೆದು ಪೆನ್ನು ಹಾಗೇ ಹಿಡಿದುಕೊಂಡಿದ್ದರು. ಮುಂದೆ ಬರೆಯಲಿಲ್ಲ. ಸುಮಾ ಆ ಹಾಳೆ ನೋಡಿದರು, ಏನೂ ಮಾತಾಡಲಿಲ್ಲ. ಅವರು ಹೇಳಲಾಗದೆ ಒದ್ದಾಡುತ್ತಿದ್ದದ್ದು ಆ ಖಾಲಿ ಜಾಗದಲ್ಲೇ ಇತ್ತು.

ರಘು ಅವರಿಗೆ ನೋವಾಯಿತು. ಸ್ವಲ್ಪ ಸಿಟ್ಟೂ ಬಂತು. "ಹಾಗಾದ್ರೆ ನಾನು ಬರೋದು ಬೇಡ ಅಂತಲಾ?" ಎಂದರು. ಅಲ್ಲ ಎಂದೆ. ನಿಮಗೂ ಅಲ್ಲಿ ನಿಮ್ಮದೇ ಒಂದು ಒಂಬತ್ತು ಗಂಟೆ ಬೇಕು, ಅಷ್ಟೇ.

ಅವರು ವಿಡಿಯೋಗಳಲ್ಲಿ ನೋಡಿದ್ದೆಲ್ಲ ಕೈ ಕೈ ಹಿಡಿದು ಸೇವೆಗೆ ಹೋದ ಅಮೆರಿಕದ ಜೋಡಿಗಳನ್ನು. ಅಮೆರಿಕ ಸರ್ಕಾರದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್ 1961ರಿಂದ ಜನರನ್ನು ಹೊರದೇಶಗಳಿಗೆ ಕಳಿಸುತ್ತಿದೆ, ಗಂಡ-ಹೆಂಡತಿಯನ್ನೂ ತೆಗೆದುಕೊಳ್ಳುತ್ತದೆ, ನಿಜ. ಆದರೆ ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ಅಲ್ಲೂ ಇಬ್ಬರೂ ಬೇರೆ ಬೇರೆಯಾಗಿ ಅರ್ಜಿ ಹಾಕಿ ಆಯ್ಕೆಯಾಗಬೇಕು. ಹೆಂಡತಿಗೆ ಕೆಲಸ ಸಿಕ್ಕಿತು ಅಂತ ಗಂಡನಿಗೂ ಸಿಗಲ್ಲ. ಇದನ್ನು ಕೇಳಿ ರಘು ಸ್ವಲ್ಪ ಹಗುರಾದರು. ತಾನು ದಡ್ಡ ಅಂತ ಯಾರೂ ಉತ್ತರ ಬರೆಯಲಿಲ್ಲ ಎಂದುಕೊಂಡಿದ್ದರು, ಪಾಪ.

ಆ ಒಂಬತ್ತು ಗಂಟೆ ತುಂಬಿಸೋಕೆ ಅವರು ಮೊದಲು ತಂದ ದಾರಿಯನ್ನು ನಾನು ಒಪ್ಪಲಿಲ್ಲ. ದುಡ್ಡು ಕಟ್ಟಿ ನಾಲ್ಕು ವಾರ ಅನಾಥಾಶ್ರಮದ ಮಕ್ಕಳಿಗೆ ಪಾಠ ಹೇಳುವ ಒಂದು ಪ್ಯಾಕೇಜು ಅದು. ಇಲ್ಲಿ ನಾನು ಖಡಾಖಂಡಿತವಾಗಿ ಹೇಳಿದೆ. ಹಲವು ದೇಶಗಳಲ್ಲಿ ಇಂಥ ಕಡೆ ಇರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ದುಡ್ಡು ಕೊಡುವ ಅತಿಥಿಗಳು ಬರುತ್ತಾರೆ ಅಂತಲೇ ಮಕ್ಕಳನ್ನು ಮನೆಯಿಂದ ಕರೆತರುವವರೂ ಇರುತ್ತಾರೆ. ಇದರ ಅಪಾಯವನ್ನು 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಎತ್ತಿ ಹೇಳಿದೆ. ಜೊತೆಗೆ, ನಾಲ್ಕು ವಾರ ಹಚ್ಚಿಕೊಂಡ ಮಗುವನ್ನು ಬಿಟ್ಟು ಬರೋದು ನಮಗೆ ನೆನಪು, ಆ ಮಗುವಿಗೆ ಅದು ಇನ್ನೊಂದು ಅಗಲಿಕೆ. ರಘು ಮೊಬೈಲ್ ತೆಗೆದು ಆ ಪುಟವನ್ನು ಅಲ್ಲೇ ಮುಚ್ಚಿದರು.

"ನಿಮಗೆ ಏನು ಚೆನ್ನಾಗಿ ಬರುತ್ತೆ?" ಅಂತ ಕೇಳಿದೆ. "ನನಗೇನು ಬರುತ್ತೆ ಮೇಡಂ, ಗೋಡೌನ್ ಲೆಕ್ಕ" ಎಂದರು. ತಕ್ಷಣ ಸುಮಾ ತಲೆ ಎತ್ತಿ, "ರೀ, ಯಾವ ಮಾತ್ರೆ ಯಾವಾಗ ಎಕ್ಸ್‌ಪೈರಿ ಆಗುತ್ತೆ ಅನ್ನೋದು ಗೊತ್ತಿಲ್ಲದೆ ನಮ್ಮ ವಾರ್ಡಲ್ಲಿ ಎಷ್ಟು ಒದ್ದಾಡ್ತೀವಿ ಗೊತ್ತಾ?" ಎಂದರು. ಆ ದಿನದ ಸಲಹೆ ನನ್ನದಲ್ಲ, ಅವರದೇ. ಔಷಧ ದಾಸ್ತಾನು, ಎಕ್ಸ್‌ಪೈರಿ ನೋಡುವ ಕೆಲಸಕ್ಕೆ ಜನ ಬೇಕೇ ಎಂದು ರಘು ತಮ್ಮದೇ ಹೆಸರಲ್ಲಿ ಆಸ್ಪತ್ರೆಗೆ ಬರೆದರು. ಬೇಕು ಅಂತ ಉತ್ತರ ಬಂತು. ಯಾವ ವೀಸಾ, ಯಾವ ಪರವಾನಗಿಯ ಮೇಲೆ ಇಬ್ಬರೂ ಕೆಲಸ ಮಾಡಬಹುದು ಅನ್ನೋದನ್ನ ಬರಹದಲ್ಲೇ ತರಿಸಿಕೊಳ್ಳಿ ಎಂದೆ. ಸಂಬಳವಿಲ್ಲದ ಕೆಲಸಕ್ಕೆ ಪರವಾನಗಿ ಬೇಡ ಅಂದುಕೊಂಡು ಪ್ರವಾಸಿ ವೀಸಾದಲ್ಲಿ ಹೋಗಿ ತೊಂದರೆಗೆ ಸಿಕ್ಕಿಬೀಳುವವರಿದ್ದಾರೆ. ಸುಮಾ ಅಲ್ಲಿನ ನರ್ಸಿಂಗ್ ಕೌನ್ಸಿಲಿನಲ್ಲೂ ನೋಂದಾಯಿಸಿಕೊಳ್ಳಬೇಕಿತ್ತು. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಆಗಬೇಕು. ಅದರ ಸರ್ಟಿಫಿಕೇಟ್ ಇಲ್ಲದೆ ಉಗಾಂಡದಿಂದ ವಾಪಸಾದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಮಲೇರಿಯಾ, ರಘು ಅವರ ಬಿಪಿ ಮಾತ್ರೆಗಳ ವಿಷಯಕ್ಕೆ ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ.

ಟಿಕೆಟ್ ತೆಗೆಸುವ ಮುಂಚೆ ಒಂದು ತಿಂಗಳು ಇಲ್ಲೇ ಎಲ್ಲಾದರೂ ಹೀಗೆ ಇದ್ದು ನೋಡಿ ಎಂದೆ. ಹೆಗ್ಗಡದೇವನಕೋಟೆ ಕಡೆ ಕಾಡಂಚಿನ ಒಂದು ಆಸ್ಪತ್ರೆಯಲ್ಲಿ ಉಳಿದರು. ಒಂದು ಕೋಣೆ, ಒಂದು ಫ್ಯಾನು, ಸಂಜೆ ಆದರೆ ಕರೆಂಟ್ ಇಲ್ಲ.

ಒಂಬತ್ತನೇ ದಿನ ಜಗಳ. ಒಂದು ಕಷ್ಟದ ಹೆರಿಗೆ ಮುಗಿಸಿ ಸುಮಾ ಬಂದಿದ್ದರು. ಚಪ್ಪಲಿ ಬಿಡುವ ಮುಂಚೆಯೇ ರಘು ಮಾತು ಶುರು ಮಾಡಿದರು. ಬೆಳಿಗ್ಗೆಯಿಂದ ಕೂಡಿಟ್ಟ ಮಾತು. ಸುಮಾ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಮೂರು ದಿನ ಇಬ್ಬರಿಗೂ ಮಾತಿಲ್ಲ.

ನನಗೆ ಇದು ಒಳ್ಳೆಯ ಸುದ್ದಿ ಅನ್ನಿಸಿತು, ಯಾಕೆಂದರೆ ಜಗಳ ಇಲ್ಲೇ ಆಯಿತು, ಉಗಾಂಡದಲ್ಲಲ್ಲ. ಊರಲ್ಲಿ ರಘುಗೆ ಅಮ್ಮ ಇದ್ದರು, ಪಕ್ಕದ ಮನೆಯವರಿದ್ದರು, ಟೀ ಅಂಗಡಿಯ ಗೆಳೆಯರಿದ್ದರು. ಹತ್ತು ಜನಕ್ಕೆ ಹಂಚಿ ಹೋಗುತ್ತಿದ್ದ ಮಾತೆಲ್ಲ ಈಗ ಒಬ್ಬಳ ತಲೆ ಮೇಲೆ ಬಿತ್ತು. ದಂಪತಿ ಜೊತೆಯಾಗಿ ದೂರ ಹೋದಾಗ ಹೀಗೇ ಆಗುತ್ತೆ. ಒಬ್ಬರಿಗೆ ಇನ್ನೊಬ್ಬರೇ ಇಡೀ ಊರು.

ಅದಕ್ಕೆ ಇಬ್ಬರೂ ಒಪ್ಪಿದ್ದು: ಸುಮಾ ಡ್ಯೂಟಿಯಿಂದ ಬಂದ ಮೇಲೆ ಅರ್ಧ ಗಂಟೆ ಮಾತಿಲ್ಲ, ಕಾಫಿ ಮಾತ್ರ. ರಘು ಅಲ್ಲಿ ಹೆಂಡತಿಯಲ್ಲದ ಒಬ್ಬ ಸ್ನೇಹಿತನನ್ನು ಮೊದಲ ತಿಂಗಳಲ್ಲೇ ಮಾಡಿಕೊಳ್ಳಬೇಕು. ವಾಪಸ್ ಬರುವ ಇಬ್ಬರ ಟಿಕೆಟ್ ದುಡ್ಡನ್ನು ಮುಟ್ಟದೆ ಬೇರೆ ಇಡಬೇಕು. ಭತ್ಯೆ ಸುಮಾ ಹೆಸರಿಗೆ ಬರುವುದರಿಂದ ರಘು ಪ್ರತಿ ಸಲ ಕೈ ಚಾಚುವಂತಾಗಬಾರದು, ತಿಂಗಳ ಮೊದಲ ದಿನವೇ ಮನೆ ಖರ್ಚು ಒಂದು ಡಬ್ಬಿಗೆ.

ಕೊನೆಯದು ಕಷ್ಟದ ಮಾತು. ರಘು ಅವರ ತಾಯಿಗೆ 78. ಸುಮಾ ಅವರ ನಾದಿನಿ ನೋಡಿಕೊಳ್ಳುತ್ತೇನೆ ಎಂದಿದ್ದರು. ಆದರೂ ಏನಾದರೂ ಆದರೆ? "ಇಬ್ಬರೂ ಬರ್ತೀವಿ" ಎಂದರು ರಘು ಕೂಡಲೇ. ಸುಮಾ ನೆಲ ನೋಡುತ್ತಿದ್ದರು. ನಾನು ಕೇಳಿದೆ: ಜೊತೆಗೆ ಹೋದವರು ಜೊತೆಗೇ ಬರಬೇಕು ಅಂತ ಯಾರು ಹೇಳಿದ್ದು? ಒಬ್ಬರು ಬರಬೇಕಾಗಿ ಬಂದರೆ ಇನ್ನೊಬ್ಬರು ಉಳಿಯಬಹುದು. ಅದು ಬಿಟ್ಟು ಹೋದಂತೆ ಅಲ್ಲ. ಈ ಮಾತಿಗೆ ಎರಡು ಭೇಟಿ ಬೇಕಾಯಿತು. ರಘು ಒಪ್ಪಿ, ತಾಯಿಯ ಮುಂದೆಯೇ ಹೇಳಿದರು.

ಹೊರಟರು. ನಾಲ್ಕನೇ ತಿಂಗಳು ಸುಮಾ ಒಂದು ಫೋಟೋ ಕಳಿಸಿದರು: ಔಷಧ ಕೋಣೆಯಲ್ಲಿ ರಘು ಕೈಬರಹದ ಲೆಡ್ಜರ್, ಎಕ್ಸ್‌ಪೈರಿ ಹತ್ತಿರವಾದ ಔಷಧಗಳಿಗೆ ಕೆಂಪು ಗೆರೆ. ಅಲ್ಲಿ ರಾಗಿ ಹಿಟ್ಟಿನಲ್ಲಿ ನಮ್ಮ ಮುದ್ದೆಯಂಥ ಕಾಲೋ ಅಂತ ಮಾಡುತ್ತಾರೆ, ಕೆಲವರು ಮರಗೆಣಸಿನ ಹಿಟ್ಟೂ ಸೇರಿಸುತ್ತಾರೆ. ಅಲ್ಲಿನವರು ಕೈಯಲ್ಲಿ ಮುರಿದು ಸಾರಿಗೆ ಅದ್ದುವುದನ್ನು ನೋಡಿ ರಘು ಮೊದಲ ದಿನ ಸುಮ್ಮನೆ ಕೂತುಬಿಟ್ಟರಂತೆ. ರಾಗಿಯ ಮೂಲ ಇಥಿಯೋಪಿಯಾ, ಉಗಾಂಡದ ಆ ಎತ್ತರದ ಸೀಮೆಯೇ ಅಲ್ವಾ. ಲೆಡ್ಜರ್ ಕಲಿಯಲು ಬಂದ ಹುಡುಗನೇ ಅವರ ಸ್ನೇಹಿತನಾದ, ಸಂಜೆ ಅವನ ಜೊತೆ ವಾಕಿಂಗ್.

ಏಳನೇ ತಿಂಗಳು ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿಯಿತು. ರಘು ಒಬ್ಬರೇ ಬಂದರು. ಆಸ್ಪತ್ರೆಗೆ ನೋಡಲು ಬಂದ ನೆಂಟರು ಒಬ್ಬೊಬ್ಬರೂ, "ಹೆಂಡ್ತಿ ಎಲ್ಲಪ್ಪಾ?" ಎಂದು ಕೇಳಿದರು. ಮಂಚದ ಮೇಲಿದ್ದ ಆ ಅಜ್ಜಿಯೇ ಮಗನಿಗಿಂತ ಮುಂಚೆ ಉತ್ತರ ಕೊಟ್ಟರಂತೆ: "ಅವಳು ಕೆಲ್ಸದಲ್ಲವಳೆ ಕಣಪ್ಪ. ಮುಗ್ಸ್ಕೊಂಡು ಬತ್ತಾಳೆ."